ಹುಂಜ ದಿನಕ್ಕೆ ಎಷ್ಟು ಸಲ ಕೂಗಬೇಕು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆ. ವಾರ್ಷಿಕೋತ್ಸವಕ್ಕೆಂದು ನಾಲ್ಕನೆಯ ತರಗತಿಯ ಮಕ್ಕಳು ತಾವೇ ಒಂದು ನಾಟಕ ಕಟ್ಟಿದ್ದಾರೆ. ತನ್ನನ್ನು ಕೋಳಿಅಂಕಕ್ಕೆ (ಕೋಳಿ ಕಾಳಗಕ್ಕೆ) ಒಯ್ಯುತ್ತಾರೆಂದು ಹೆದರಿದ ಹುಂಜವೊಂದು ನಾಯಿ, ಬೆಕ್ಕು ಮತ್ತು ಆಮೆಯನ್ನು ಜೊತೆಗೆ ಕರೆದುಕೊಂಡು, ಅಡಿಕೆ ಹಾಳೆಯ ರಾಕೆಟ್ಟಿನಲ್ಲಿ ಚಂದ್ರನಿಗೆ ಓಡಿಹೋಗುತ್ತದೆ. ಎಲ್ಲರ ತಲೆಯ ಮೇಲೂ ಶಿರಸ್ತ್ರಾಣದ ಬದಲು ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ. ಮಕ್ಕಳು ತಪ್ಪು ವಿಜ್ಞಾನ ಕಲಿಯುತ್ತಾರೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ತಿದ್ದಬೇಕೇ, ಹಾಗೆಯೇ ಬಿಡಬೇಕೇ?

ಉತ್ತರ: ಕೋಳಿಅಂಕಕ್ಕೆ ಹೆದರಿ ಭೂಮಿಯನ್ನೇ ಬಿಟ್ಟು ಹೋಗುವ ಹುಂಜವನ್ನು ತಿದ್ದುವ ಧೈರ್ಯ ನನಗಂತೂ ಇಲ್ಲ. ಹಾಳೆಯ ಮೇಲೆ ಕುಳಿತು ಅಂಗಳದುದ್ದಕ್ಕೂ ಎಳೆಸಿಕೊಂಡ ಮಕ್ಕಳಿಗೆ ಅದು ರಾಕೆಟ್ಟಾಗಿ ತೋರಿದ್ದರಲ್ಲಿ ಆಶ್ಚರ್ಯವೂ ಇಲ್ಲ. ರಾಕೆಟ್ ಹಾಳೆಯದೇ ಇರಲಿ, ಪ್ರಾಣಿಗಳು ಮಾತನಾಡಲಿ. ನೋಡುವ ಮಕ್ಕಳು ಈ ಎರಡನ್ನೂ ಒಪ್ಪಿಕೊಂಡೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಆದರೆ ರಾಕೆಟ್ ನೆಲ ಬಿಟ್ಟ ಮೇಲೆ ಅಲ್ಲಿನ ನಿಯಮಗಳನ್ನು ಇದ್ದ ಹಾಗೆಯೇ ಇಟ್ಟುಕೊಳ್ಳಿ. ನಿಮ್ಮ ಸಹೋದ್ಯೋಗಿಯ ಸಮಾಧಾನಕ್ಕಾಗಿ ಈ ಮಾತು ಹೇಳುತ್ತಿಲ್ಲ. ನಾಟಕದ ನಗೆಯೆಲ್ಲ ಆ ನಿಯಮಗಳಲ್ಲಿಯೇ ಇದೆ.

ನಿಮ್ಮ ಹುಂಜವನ್ನೇ ನೋಡಿ. ಸೂರ್ಯ ಹುಟ್ಟುವಾಗ ಕೂಗುವುದು ಅದರ ಉದ್ಯೋಗ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಭೂಮಿಯನ್ನು ಒಮ್ಮೆ ಸುತ್ತಿಬರಲು ಸುಮಾರು 90 ನಿಮಿಷ ಸಾಕಾದ್ದರಿಂದ, ಅಲ್ಲಿರುವವರಿಗೆ ನಮ್ಮ ಒಂದು ದಿನದೊಳಗೆ 16 ಸೂರ್ಯೋದಯಗಳು ಕಾಣಿಸುತ್ತವೆ. ದಾರಿಯಲ್ಲಿ ಅಲ್ಲಿ ತಂಗಿದ ಹುಂಜ ಕೂಗಿ ಮುಗಿಸಿ ರೆಕ್ಕೆ ಮುದುಡಿಕೊಳ್ಳುವಷ್ಟರಲ್ಲಿ ಮತ್ತೆ ಬೆಳಗಾಗಿರುತ್ತದೆ, ನಾಯಿಗೂ ಬೆಕ್ಕಿಗೂ ನಿದ್ದೆಯಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದ ಅದೇ ಹುಂಜ ಚಂದ್ರನ ಮೇಲೆ ಇಳಿದರೆ ಸ್ಥಿತಿ ಪೂರ್ತಿ ತಿರುವುಮುರುವು. ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 29 ದಿನಗಳೂ ಅರ್ಧ ದಿನವೂ ಕಾಯಬೇಕು. ತಿಂಗಳಿಗೆ ಒಂದೇ ಕೂಗು, ಅದೂ ಗಾಳಿಯಿಲ್ಲದ ಜಾಗದಲ್ಲಿ ಯಾರ ಕಿವಿಗೂ ಬೀಳದ ಕೂಗು. ಇಷ್ಟು ಮಹತ್ವಾಕಾಂಕ್ಷೆಯಿಂದ ಹೋದ ಹುಂಜಕ್ಕೆ ಇದಕ್ಕಿಂತ ದೊಡ್ಡ ಅವಮಾನವನ್ನು ನೀವು ಕಲ್ಪಿಸಲಾರಿರಿ.

ಗಾಳಿಯಿಲ್ಲದಿದ್ದರೆ ಪಾತ್ರಗಳು ಮಾತನಾಡುವುದು ಹೇಗೆಂದು ಆಕ್ಷೇಪ ಬರಬಹುದು. ಶಬ್ದವು ಘನ ವಸ್ತುಗಳ ಮೂಲಕ ಸಾಗುತ್ತದೆ. ಆದ್ದರಿಂದ ಇಬ್ಬರು ಗಗನಯಾತ್ರಿಗಳು ಶಿರಸ್ತ್ರಾಣಕ್ಕೆ ಶಿರಸ್ತ್ರಾಣ ಒತ್ತಿ ಹಿಡಿದರೆ ಮಾತು ಕೇಳಿಸುತ್ತದೆ. ನಾಯಿಗೆ ಬೆಕ್ಕನ್ನು ಬೈಯಬೇಕೆನಿಸಿದಾಗಲೆಲ್ಲ ಓಡಿಹೋಗಿ ಮುಟ್ಟಾಳೆಗೆ ಮುಟ್ಟಾಳೆ ತಾಗಿಸಿ ಬೈಯಬೇಕು, ಬೈಸಿಕೊಂಡ ಬೆಕ್ಕೂ ಉತ್ತರ ಕೊಡುವವರೆಗೆ ಹಾಗೆಯೇ ನಿಂತಿರಬೇಕು. ದೂರದಿಂದ ನೋಡುವವರಿಗೆ ಅವರು ಪರಮ ಸ್ನೇಹಿತರಂತೆ ಕಾಣುತ್ತಾರೆ. (ಮುಟ್ಟಾಳೆ ಮುಖ ಮುಚ್ಚುವುದಿಲ್ಲ ಎಂಬುದು ನನಗೂ ಗೊತ್ತು. ಹಾಳೆಯ ರಾಕೆಟ್ಟನ್ನು ಒಪ್ಪಿಕೊಂಡವನು ಮುಟ್ಟಾಳೆಗೆ ತಕರಾರು ಮಾಡುವುದು ಸರಿಯಲ್ಲ.) ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗದಷ್ಟಾದ್ದರಿಂದ, ಓಡಲು ಹೊರಟ ನಾಯಿ ಪ್ರತಿ ಹೆಜ್ಜೆಗೂ ಮೇಲಕ್ಕೆ ನೆಗೆದು ನಿಧಾನವಾಗಿ ಇಳಿಯುವುದನ್ನು ಮಕ್ಕಳು ಹೇಳಿಕೊಡದೆಯೇ ಅಭಿನಯಿಸುತ್ತಾರೆ.

ದಾರಿಯಲ್ಲಿ, ರಾಕೆಟ್ಟಿನೊಳಗೆ ನಡೆಯುವ ಊಟದ ದೃಶ್ಯವನ್ನು ದಯವಿಟ್ಟು ಬಿಡಬೇಡಿ. 1965ರ ಮಾರ್ಚ್ ತಿಂಗಳಲ್ಲಿ ಜೆಮಿನಿ-3 ನೌಕೆಯಲ್ಲಿ ಹೋದ ಜಾನ್ ಯಂಗ್ ಎಂಬ ಅಮೆರಿಕದ ಗಗನಯಾತ್ರಿಯು ಉಡುಪಿನ ಜೇಬಿನಲ್ಲಿ ಒಂದು ಸ್ಯಾಂಡ್‌ವಿಚ್ಚನ್ನು ಕದ್ದೊಯ್ದು, ಅದನ್ನು ಹೊರತೆಗೆದೊಡನೆ ಚೂರುಗಳು ನೌಕೆಯ ತುಂಬ ತೇಲತೊಡಗಿದ್ದರಿಂದ ಮತ್ತೆ ಜೇಬಿಗೆ ಸೇರಿಸಬೇಕಾಯಿತು. ನಿಮ್ಮ ನಾಯಿ ಒಯ್ಯಬೇಕಾದದ್ದು ಹಲಸಿನ ಹಪ್ಪಳ. ಹಪ್ಪಳ ಮುರಿದಾಗ ಏಳುವ ಚೂರುಗಳು ಕೆಳಗೆ ಬೀಳದೆ ಕಣ್ಣಿಗೂ ಮೂಗಿಗೂ ಬಂದು ನಾಯಿಗೆ ಸೀನು ಬರಲಿ. ಹಿಡಿದುಕೊಳ್ಳಲು ಆಧಾರವಿಲ್ಲದಿದ್ದರೆ ಸೀನಿದ ರಭಸಕ್ಕೆ ಅದು ಮೆಲ್ಲನೆ ಹಿಂದಕ್ಕೆ ತೇಲುತ್ತದೆ. ಚೆಲ್ಲಿದ ಹಾಲು ಅಲ್ಲಿ ಉಂಡೆಯಾಗಿ ತೇಲುವುದರಿಂದ ಬೆಕ್ಕು ಪಂಜದಿಂದ ತಟ್ಟಿದರೆ ಒಂದು ಉಂಡೆ ಹತ್ತಾಗುತ್ತದೆ, ಹತ್ತನ್ನೂ ಅದು ಅಟ್ಟಿಸಿಕೊಂಡು ಹೋಗಬೇಕು.

ಆಮೆಗೆ ಮಾತ್ರ ಸ್ವಲ್ಪ ಹೆಚ್ಚಿನ ಗೌರವ ಕೊಡಬೇಕೆಂದು ಕೋರುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಹೋಗಿಬಂದಿದೆ. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಝೋಂಡ್-5 ನೌಕೆಯು ಎರಡು ಆಮೆಗಳನ್ನು ಹೊತ್ತು ಚಂದ್ರನನ್ನು ಸುತ್ತಿ ಬಂದು ಹಿಂದೂ ಮಹಾಸಾಗರದಲ್ಲಿ ಇಳಿಯಿತು. ಮನುಷ್ಯರು ಚಂದ್ರನನ್ನು ಸುತ್ತಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಂದರೆ ಈ ಓಟದಲ್ಲಿಯೂ ಗೆದ್ದದ್ದು ಆಮೆಯೇ. ಪ್ರಯೋಗದ ಸಲುವಾಗಿ ಅವುಗಳಿಗೆ ದಾರಿಯಲ್ಲಿ ಆಹಾರವಿರಲಿಲ್ಲ, ಮರಳಿದಾಗ ಮೈತೂಕದಲ್ಲಿ ಶೇಕಡಾ 10ರಷ್ಟು ಕಡಿಮೆಯಾಗಿತ್ತು. ಸಮುದ್ರದಿಂದ ಎತ್ತಿದ ನೌಕೆಯನ್ನು ಹಡಗಿನಲ್ಲಿ ಮುಂಬಯಿಗೆ ತಂದು ಅಲ್ಲಿಂದ ವಿಮಾನದಲ್ಲಿ ಮಾಸ್ಕೋಗೆ ಕಳುಹಿಸಿದರು. ಹಕ್ಕಿಗಳು ಹಿಡಿದ ಕೋಲನ್ನು ಕಚ್ಚಿಕೊಂಡು ಹಾರಿ, ಬಾಯಿ ಬಿಟ್ಟು ಬಿದ್ದ ಆಮೆಯ ಕತೆಯನ್ನು ಅಜ್ಜಿಯಿಂದ ಕೇಳಿದ ಮಕ್ಕಳಿಗೆ ಇನ್ನೊಂದನ್ನೂ ಹೇಳಿ: ಕಕ್ಷೆಯಲ್ಲಿ ಆಮೆ ಕೋಲನ್ನು ಬಿಟ್ಟರೆ ಬೀಳುವುದಿಲ್ಲ, ಆಮೆ ಮತ್ತು ಕೋಲು ಅಕ್ಕಪಕ್ಕದಲ್ಲಿ ತೇಲುತ್ತ ಒಟ್ಟಿಗೇ ಸಾಗುತ್ತವೆ. ಎಷ್ಟು ಬೇಕಾದರೂ ಹರಟೆ ಹೊಡೆಯಬಹುದಾದ ಏಕೈಕ ಪ್ರಯಾಣಿಕ ಅದೇ ಆಗಲಿ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಬಾಹ್ಯಾಕಾಶಕ್ಕೆ ಹೋದ ಲೈಕಾ ಎಂಬ ನಾಯಿಯ ಚಿತ್ರ ತುಂಬ ಇಷ್ಟ. ಅದು ಮರಳಿ ಬರಲಿಲ್ಲವೆಂದು ಹೇಳಬೇಕೇ? (ಒಬ್ಬ ತಾಯಿ, ಮಂಜೇಶ್ವರ)

ಉತ್ತರ: ಹೇಳಿ, ಅಮ್ಮ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಅದನ್ನು ಕಳುಹಿಸಿದಾಗ ಮರಳಿ ಕರೆತರುವ ವ್ಯವಸ್ಥೆಯೇ ಇರಲಿಲ್ಲ. ಕೆಲವು ಗಂಟೆಗಳಲ್ಲಿಯೇ ನೌಕೆಯೊಳಗಿನ ತಾಪದಿಂದ ಅದು ತೀರಿಕೊಂಡಿತೆಂಬುದು ಹೊರಬಂದದ್ದು 2002ರಲ್ಲಿ. ಮಗು ಅತ್ತರೆ ಅಳಲಿ. ಆಮೇಲೆ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ಎರಡು ನಾಯಿಗಳ ವಿಷಯ ತಿಳಿಸಿ. ಅವು 1960ರ ಆಗಸ್ಟಿನಲ್ಲಿ ಒಂದು ದಿನ ಕಕ್ಷೆಯಲ್ಲಿದ್ದು ಜೀವಂತವಾಗಿ ಮರಳಿದವು, ಸ್ಟ್ರೆಲ್ಕಾ ಮುಂದೆ ಮರಿಗಳನ್ನೂ ಹಾಕಿತು. ಅವುಗಳಲ್ಲಿ ಪುಶಿಂಕಾ ಎಂಬ ಮರಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮನೆಗೆ ಉಡುಗೊರೆಯಾಗಿ ಹೋಯಿತು.

ಪ್ರಶ್ನೆ: ಮೇಲಿನ ನಾಟಕದಲ್ಲಿ ಬೆಕ್ಕು ಮಲಯಾಳವನ್ನೂ ಹುಂಜ ತುಳುವನ್ನೂ ಆಡಲಿ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಕನ್ನಡ ನಾಟಕದಲ್ಲಿ ಇದು ಸರಿಯೇ? (ಅದೇ ಅಧ್ಯಾಪಿಕೆ)

ಉತ್ತರ: ಸಪ್ತಭಾಷಾ ಸಂಗಮ ಭೂಮಿಯೆನಿಸಿದ ಕಾಸರಗೋಡಿನಲ್ಲಿ ಅದು ಸಹಜ. ಕೋಳಿಅಂಕದಿಂದ ತಪ್ಪಿಸಿಕೊಂಡ ಹುಂಜ ಬೇರೆ ಯಾವ ಭಾಷೆಯಲ್ಲಿ ತಾನೇ ಮಾತನಾಡೀತು? ಆಮೆಗೆ ಗ್ರಾಂಥಿಕ ಕನ್ನಡ ಕೊಡಿ, ಯಕ್ಷಗಾನದ ಅರ್ಥಗಾರಿಕೆಯ ಮಾತಿನಂತೆ ನಿಧಾನವಾಗಿ, ಮಧ್ಯೆ ಯಾರಾದರೂ ತಡೆದರೆ ಮತ್ತೆ ಮೊದಲಿನಿಂದ ಆರಂಭಿಸುವ ಹಾಗೆ.