ನಾಣ್ಯ ಎಲ್ಲಿ ಹೋಯ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನಾಣ್ಯ ಮತ್ತು ಇಸ್ಪೀಟಿನ ಕೈಚಳಕದ ಬಗ್ಗೆ ಬರೆದಿದ್ದೆ. ಮಲೆನಾಡಿನ ಕಡೆಯಿಂದಲೇ ಜಾಸ್ತಿ ಪ್ರಶ್ನೆ ಬಂದಿವೆ. ನಾನೂ ಇದನ್ನು ಕಲಿತದ್ದು ಶಿವಮೊಗ್ಗದಲ್ಲೇ, ಹಾಗಾಗಿ ತುಂಬಾ ಖುಷಿಯಾಯಿತು.

ಬಲಗೈ ನಾಣ್ಯವನ್ನು ಎಡಗೈಗೆ ಹಾಕಿದ ಹಾಗೆ ಮಾಡಿ ಮಾಯ ಮಾಡುವುದನ್ನು ಮೂರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ಕನ್ನಡಿ ಮುಂದೆ ಚೆನ್ನಾಗಿ ಬರುತ್ತದೆ. ತಂಗಿ ಮಾತ್ರ ಪ್ರತಿ ಸಲ "ಬಲಗೈಲೇ ಇದೆ" ಅಂತಾಳೆ. ಎಲ್ಲಿ ತಪ್ಪುತ್ತಿದ್ದೇನೆ?
– ಪಿಯುಸಿ ವಿದ್ಯಾರ್ಥಿ, ಸಾಗರ

ನಿಮ್ಮ ಬೆರಳು ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ತಪ್ಪುತ್ತಿರುವುದು ಕಣ್ಣು. ನಾಣ್ಯ ಬಲಗೈಯಲ್ಲೇ ಉಳಿದಿದೆ ಅಂತ ನಿಮಗೆ ಗೊತ್ತಲ್ವಾ, ಕಣ್ಣು ತಾನಾಗಿ ಒಮ್ಮೆ ಆ ಕಡೆ ಹೋಗಿಬಿಡುತ್ತದೆ. ತಂಗಿ ಅದನ್ನೇ ಹಿಡಿಯುತ್ತಾಳೆ. ಕನ್ನಡಿ ಮುಂದೆ ಇದು ಇನ್ನೂ ಹೆಚ್ಚುತ್ತದೆ, ಯಾಕೆಂದರೆ ನಾಣ್ಯ ಕಾಣ್ತಿದೆಯಾ ಅಂತ ನೋಡಲು ನೀವು ಬಲಗೈಯನ್ನೇ ನೋಡುತ್ತಿರುತ್ತೀರಿ, ಅದೇ ಅಭ್ಯಾಸವಾಗುತ್ತದೆ. ನಮ್ಮವರು ಇದಕ್ಕೆ ಕಣ್ಕಟ್ಟು ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಒಂದು ವಾರ ಮಾಯ ಮಾಡುವುದನ್ನು ಪೂರ್ತಿ ಬಿಟ್ಟುಬಿಡಿ. ನಾಣ್ಯವನ್ನು ನಿಜವಾಗಿಯೇ ಎಡಗೈಗೆ ಹಾಕಿ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ. ಆಗ ಎಡಗೈ ಬೆರಳು ಯಾವಾಗ ಮುಚ್ಚುತ್ತದೆ, ಖಾಲಿಯಾದ ಬಲಗೈ ಎಲ್ಲಿ ಹೋಗಿ ನಿಲ್ಲುತ್ತದೆ, ಹೆಬ್ಬೆರಳು ಹೇಗಿರುತ್ತದೆ, ನಿಮ್ಮ ಕಣ್ಣು ಎಲ್ಲಿರುತ್ತದೆ, ಎಲ್ಲವನ್ನೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ನೋಡಿ. ಆಮೇಲೆ ಸುಳ್ಳಾಗಿ ಮಾಡುವಾಗಲೂ ಪೂರ್ತಿ ಹಾಗೇ ಇರಬೇಕು. ನಾನು ಇದನ್ನು ತಿಳಿಯದೆ ಒಂದು ವರ್ಷ ಕಳೆದಿದ್ದೇನೆ. ನಾಣ್ಯ ಅಡಗಿಸಿದಾಗ ಮಾತ್ರ ನನ್ನ ಹೆಬ್ಬೆರಳು ಕೋಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು, ವಿಡಿಯೊ ನೋಡುವವರೆಗೂ ನನಗೆ ಗೊತ್ತೇ ಇರಲಿಲ್ಲ.

ಅಂಗೈ ಮಧ್ಯದಲ್ಲಿ ನಾಣ್ಯ ಹಿಡಿಯುವುದನ್ನು ಸದ್ಯಕ್ಕೆ ಬಿಡಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಬುಡದಲ್ಲಿ ನಾಣ್ಯ ಮಲಗಲಿ, ಬೆರಳು ಸ್ವಲ್ಪ ಮಡಚಿರಲಿ, ಅಷ್ಟೇ. ಇದನ್ನೇ ಫಿಂಗರ್ ಪಾಮ್ ಅನ್ನುತ್ತಾರೆ. ನಾವು ಸುಮ್ಮನೆ ನಿಂತಾಗಲೂ ಬೆರಳು ಹೀಗೇ ಮಡಚಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. 10 ರೂಪಾಯಿ ನಾಣ್ಯ ಇದಕ್ಕೆ ಒಳ್ಳೆಯದು. 27 ಮಿಲಿಮೀಟರ್ ಅಗಲ ಇದೆ, ನೋಡುವವರಿಗೂ ಚೆನ್ನಾಗಿ ಕಾಣುತ್ತದೆ. ಒಂದು ರೂಪಾಯಿ ತೀರಾ ಸಣ್ಣದು, ಜಾರುತ್ತದೆ.

ಇನ್ನೊಂದು ಮಾತು. ಎಡಗೈಯನ್ನು ತಕ್ಷಣ ಬಿಚ್ಚಬೇಡಿ. ಅಲ್ಲಿ ನಾಣ್ಯ ಇದೆ ಅಂತ ನೋಡುವವರು ನಂಬಲು ಒಂದೆರಡು ಕ್ಷಣ ಬೇಕು.

ಮಳೆಗಾಲದಲ್ಲಿ ಇಸ್ಪೀಟೆಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಾವ ಪ್ಯಾಕ್ ತಗೊಳ್ಳಬೇಕು?
– ಹೊಸನಗರದಿಂದ

ನಮ್ಮ ಕಡೆ ಜೂನ್‌ನಿಂದ ಹಪ್ಪಳವೇ ಗರಿಗರಿ ಇರುವುದಿಲ್ಲ, ಇನ್ನು ಕಾಗದದ ಎಲೆ ಹೇಗಿರುತ್ತದೆ! ಕಾಗದ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ. ಪೂರ್ತಿ ಪ್ಲಾಸ್ಟಿಕ್ ಎಲೆಗೆ ತೇವದ ಕಾಟ ಇಲ್ಲ, ಆದರೆ ಸಿಕ್ಕಾಪಟ್ಟೆ ಜಾರುತ್ತದೆ, ಎರಡು ಎಲೆಯನ್ನು ಒಂದೇ ಎಲೆಯಂತೆ ಎತ್ತುವುದು ಹೊಸಬರಿಗೆ ಕಷ್ಟ. ನನ್ನ ಆಯ್ಕೆ ಬೈಸಿಕಲ್ ಬ್ರ್ಯಾಂಡ್ ತರಹದ ಕಾಗದದ ಎಲೆಯೇ. ಅದರ ಮೈಮೇಲೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ, ಅದರಿಂದ ಎಲೆಗಳು ಸಲೀಸಾಗಿ ಸರಿಯುತ್ತವೆ. ಕೆಲಸ ಮುಗಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಚಪ್ಪಲಿ ಬಾಕ್ಸಿನಲ್ಲಿ ಬರುತ್ತದಲ್ಲ ತೇವ ಹೀರುವ ಪೊಟ್ಟಣ, ಅದನ್ನೂ ಜೊತೆಗಿಡಿ. ಮಕ್ಕಳ ಕೈಗೆ ಆ ಪೊಟ್ಟಣ ಸಿಗದಂತೆ ನೋಡಿಕೊಳ್ಳಿ.

ಮಗ ಇಸ್ಪೀಟಿನ ಜಾದೂ ಕಲಿಯುತ್ತೇನೆ ಅನ್ನುತ್ತಾನೆ. ನಮ್ಮ ಅತ್ತೆಯವರಿಗೆ ಮನೆಯೊಳಗೆ ಇಸ್ಪೀಟು ಕಂಡರೇ ಆಗುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಅಮ್ಮಾ, ನಿಮ್ಮ ಅತ್ತೆಯವರ ಭಯಕ್ಕೆ ಕಾರಣ ಇದೆ. ಇಸ್ಪೀಟಿನಲ್ಲಿ ತೋಟ ಕಳೆದುಕೊಂಡವರ ಕಥೆ ಅವರು ಕೇಳಿರುತ್ತಾರೆ. ಮಗ ನಾಣ್ಯದಿಂದ ಶುರು ಮಾಡಲಿ. ಆಮೇಲೆ ಅಜ್ಜಿಯ ಮುಂದೆಯೇ ಕೂತು ಇದೊಂದನ್ನು ಮಾಡಲಿ, ಇದಕ್ಕೆ ಕೈಚಳಕವೇ ಬೇಡ. ಎಲೆ ಕಲಸಿ ಜೋಡಿಸುವಾಗ ಎಲ್ಲಕ್ಕಿಂತ ಕೆಳಗಿನ ಎಲೆಯನ್ನು ಕದ್ದು ನೋಡಿಕೊಳ್ಳಬೇಕು. ಇಸ್ಪೀಟ್ ರಾಣಿ ಅಂತಿಟ್ಟುಕೊಳ್ಳಿ. ಅಜ್ಜಿ ಮಧ್ಯದಿಂದ ಒಂದು ಎಲೆ ತೆಗೆದು ನೋಡಿ, ಕಟ್ಟಿನ ಮೇಲೆ ಇಡುತ್ತಾರೆ. ಮಗ ಅರ್ಧ ಕಟ್ ಮಾಡಿ, ಕೆಳಗಿನ ಅರ್ಧವನ್ನು ಮೇಲೆ ಇಡುತ್ತಾನೆ. ಈಗ ರಾಣಿ ಅಜ್ಜಿಯ ಎಲೆಯ ಮೇಲೆ ಕೂತಿರುತ್ತಾಳೆ. ಒಂದೊಂದೇ ಎಲೆ ಬಿಚ್ಚಿ ಹಾಕುತ್ತಾ ಹೋದರೆ, ರಾಣಿ ಬಂದ ಮೇಲೆ ಬರುವುದೇ ಅಜ್ಜಿಯ ಎಲೆ. ನಡುವೆ ಎಷ್ಟು ಸಲ ಹೀಗೆ ಕಟ್ ಮಾಡಿದರೂ ಆ ಜೋಡಿ ಕೆಡುವುದಿಲ್ಲ. ಅಪರೂಪಕ್ಕೆ ಸರಿಯಾಗಿ ಇಬ್ಬರ ನಡುವೆಯೇ ಕಟ್ ಬಿದ್ದರೆ, ರಾಣಿ ಕೊನೆಗೆ ಹೋಗಿ ಅಜ್ಜಿಯ ಎಲೆ ಮೊದಲಿಗೇ ಬಂದಿರುತ್ತದೆ.

ಒಂದು ಮಾತು ಮಾತ್ರ ಮಗನಿಂದ ತಗೊಳ್ಳಿ. ಈ ವಿದ್ಯೆ ಗೊತ್ತಿದ್ದವನು ದುಡ್ಡಿಟ್ಟು ಆಡಲೇಬಾರದು, ಹಬ್ಬದ ರಾತ್ರಿಯ ಐದು ರೂಪಾಯಿ ಆಟವೂ ಬೇಡ. ಗೆದ್ದರೆ ಮೋಸ ಅನ್ನುತ್ತಾರೆ, ಮೋಸ ಮಾಡದಿದ್ದರೂ.

ಅಡಿಕೆ ಸುಲಿಯುವ ರಾತ್ರಿ ನಾಣ್ಯ ಮಾಯ ಮಾಡುವುದನ್ನು ಎಲ್ಲರ ಮುಂದೆ ಮಾಡಿದೆ. ದೊಡ್ಡವರಿಗೆ ಗೊತ್ತಾಗಲಿಲ್ಲ, ಮಕ್ಕಳು ಹಿಡಿದುಬಿಟ್ಟರು. ಎಲ್ಲರೂ "ಇನ್ನೊಂದ್ಸಲ" ಅಂತ ಬೇರೆ ಶುರು ಮಾಡಿದರು.
– ಕೊಪ್ಪದಿಂದ

ನೀವು ನಿಂತು ಮಾಡಿರಬೇಕು. ಬೆರಳ ಬುಡದ ನಾಣ್ಯ ಎದುರಿನವರಿಗೆ ಕಾಣುವುದಿಲ್ಲ, ನೆಲದಲ್ಲಿ ಕೂತ ಮಕ್ಕಳಿಗೆ ಕೆಳಗಿನಿಂದ ಚೆನ್ನಾಗಿ ಕಾಣುತ್ತದೆ. ನೀವೂ ನೆಲದಲ್ಲೇ ಕೂರಿ, ಗೋಡೆಗೆ ಬೆನ್ನು ಕೊಟ್ಟು, ಹಿಂದೆ ಯಾರೂ ಇಲ್ಲದ ಹಾಗೆ. ಮಂಕಾದ ಹಳೇ ನಾಣ್ಯ ಬಳಸಿ, ಹೊಸದು ಬಲ್ಬಿನ ಬೆಳಕಿಗೆ ಮಿಂಚುತ್ತದೆ. ಮೆಟ್ಟುಗತ್ತಿ ಮುಂದೆ ಕೂತವರನ್ನು ಮಾತ್ರ ಕೆಲಸದ ನಡುವೆ ಕರೆಯಬೇಡಿ, ಬೆರಳು ಕೊಯ್ದುಕೊಂಡಾರು. ಅವರು ಎಲೆಅಡಿಕೆಗೆ ಏಳುವವರೆಗೂ ಕಾಯಿರಿ.

ಇನ್ನು "ಇನ್ನೊಂದ್ಸಲ" ಅಂದವರಿಗೆ ಅದನ್ನೇ ತೋರಿಸಬೇಡಿ. ಮೊದಲ ಸಲ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಎರಡನೇ ಸಲ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. 1922ರಲ್ಲಿ ಶಿಕಾಗೋದಲ್ಲಿ ಡಾಯ್ ವರ್ನನ್ ಅನ್ನುವ ಜಾದೂಗಾರರು ಒಂದೇ ಇಸ್ಪೀಟಿನ ಜಾದೂವನ್ನು ಹೆಸರಾಂತ ಜಾದೂಗಾರ ಹೌಡಿನಿ ಮುಂದೆ ಮತ್ತೆ ಮತ್ತೆ ಮಾಡಿ ತೋರಿಸಿದರು, ಹೌಡಿನಿಗೆ ಗುಟ್ಟು ಸಿಗಲಿಲ್ಲ. ಅದು ವರ್ನನ್‌ಗೆ ಸಾಧ್ಯ. ನಾವು ನಾಣ್ಯ ಜೇಬಿಗೆ ಹಾಕಿ, ಇಸ್ಪೀಟು ತೆಗೆಯೋಣ.