ಊರಿನ ಶಾಲೆಗೆ ವಿದೇಶದಿಂದ ದೇಣಿಗೆ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್ ಆಗಿದ್ದೇನೆ. ಈಗ ಅಮೆರಿಕದ ಪ್ರಜೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ. ಹಾಸನ ಜಿಲ್ಲೆಯ ನಮ್ಮೂರ ಶಾಲೆಯ ಟ್ರಸ್ಟ್‌ಗೆ ನನ್ನ ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಭಾರತದಲ್ಲಿಡುವ ರೂಪಾಯಿ ಖಾತೆ) ರೂಪಾಯಿಯಲ್ಲೇ ಹಣ ಕೊಡಬಹುದೇ?

ಉತ್ತರ: ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದಿದ್ದರೆ ದಯವಿಟ್ಟು ಕೊಡಬೇಡಿ. ಒಸಿಐ ಇದ್ದರೂ ಕಾನೂನಿನ ಕಣ್ಣಿಗೆ ನೀವು ವಿದೇಶಿ ಮೂಲ. ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ, ಮತ್ತು ತೊಂದರೆ ಅನುಭವಿಸುವುದು ಟ್ರಸ್ಟ್‌ನವರು. ನೋಂದಣಿ ಇದ್ದರೆ ಅದರ 5 ವರ್ಷದ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅವರ ಎಫ್‌ಸಿಆರ್‌ಎ ಖಾತೆಗೇ ಕಳಿಸಿ. ನೋಂದಾಯಿತ ಬೇರೊಂದು ಸಂಸ್ಥೆಗೆ ಕೊಟ್ಟು ಅಲ್ಲಿಂದ ದಾಟಿಸುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ಪತಿ ಅಥವಾ ಪತ್ನಿಯ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದಕ್ಕೆ ಈ ಕಾಯ್ದೆಯ ಅಡ್ಡಿಯಿಲ್ಲ. ಪಾಸ್‌ಪೋರ್ಟ್ ಪ್ರತಿ ಟ್ರಸ್ಟ್ ಕಡತದಲ್ಲಿರಲಿ. ನೇರವಾಗಿ ಇಲ್ಲಿಗೆ ಕೊಟ್ಟ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಮಾತ್ರ ಸಿಗದು.