ಮುಂಬಯಿಯ ತೇಗದ ಹಡಗು ‘ಟ್ರಿಂಕಾಮಲಿ’

ಮಾನ್ಯರೇ, ನಮ್ಮ ಮುಂಬಯಿಯಲ್ಲಿ ಕಟ್ಟಿದ ಹಾಯಿಹಡಗುಗಳಲ್ಲಿ ಯಾವುದಾದರೂ ಇಂದಿಗೂ ಉಳಿದಿದೆಯೇ ಎಂದು ಕೇಳಿದ್ದೀರಿ. ಉಳಿದಿದೆ. ಪಾರ್ಸಿ ಹಡಗುಶಿಲ್ಪಿ ಜಮ್ಶೆಡ್‌ಜಿ ಬೊಮನ್‌ಜಿ ವಾಡಿಯಾ ಅವರು ಬ್ರಿಟಿಷ್ ನೌಕಾಪಡೆಗಾಗಿ ಇಲ್ಲಿನ ಹಡಗುಕಟ್ಟೆಯಲ್ಲಿ ಕಟ್ಟಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ‘ಟ್ರಿಂಕಾಮಲಿ’ ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಅದನ್ನು ಕಟ್ಟಲು ಮೊದಲು ಕಳುಹಿಸಿದ ನಕ್ಷೆಗಳು 1812ರಲ್ಲಿ ‘ಜಾವಾ’ ಹಡಗಿನೊಂದಿಗೆ ಸಮುದ್ರದ ಪಾಲಾದವು. ಕೊನೆಗೆ 1816ರಲ್ಲಿ, ಪಾರ್ಸಿ ಸಂಪ್ರದಾಯದಂತೆ, ಹಡಗಿನ ಅಡಿದಿಮ್ಮಿಗೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಆರಂಭಿಸಲಾಯಿತು.

ಅದು ಇಷ್ಟು ಕಾಲ ಬಾಳಿದ್ದರಲ್ಲಿ ಮಲಬಾರಿನ ತೇಗದ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ. ಓಕ್ ಮರದ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ. ತೇಗದ ಎಣ್ಣೆಯಂಶವಾದರೋ ಅವನ್ನು ಕಾಪಾಡುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಅದು ‘ಫುಡ್ರಾಯಂಟ್’ ಎಂಬ ಹೆಸರಿನ ತರಬೇತಿ ಹಡಗಾಗಿತ್ತು. ಹಳೆಯ ದಾಖಲೆಗಳನ್ನು ಹುಡುಕುವಾಗ ಆ ಹೆಸರನ್ನೂ ದಯವಿಟ್ಟು ಗಮನಿಸಿ.